ಕಾಫಿಯಲ್ಲಿ ಬೆರೆಸುವ ಬೇರಿನ ಪುಡಿ: ಓದುಗರ ಸ್ಪಂದನ

ಹೆರಾಯಿನ್ ಚಟಕ್ಕೆ ಬಿದ್ದ ಇಪ್ಪತ್ತಾರು ವರ್ಷದ ಮಗನಿಗೆ ನಾಟಿ ವೈದ್ಯರು ಕೊಟ್ಟ ಬೇರಿನ ಪುಡಿಯನ್ನು ಅವನಿಗೆ ತಿಳಿಯದಂತೆ ಕಾಫಿಯಲ್ಲಿ ಬೆರೆಸಿ ಕೊಡಬಹುದೇ ಎಂದು ತಾಯಿಯೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದನ್ನು ಮೊಟಕುಗೊಳಿಸಲು ಮನಸ್ಸು ಬರಲಿಲ್ಲ.

ಅಕ್ಕ, ನಿಮ್ಮ ಪತ್ರವನ್ನು ಓದಿ ಮುಗಿಸಲು ನನಗೆ ಎರಡು ದಿನ ಬೇಕಾಯಿತು. ನನ್ನ ತಮ್ಮನಿಗೂ ಇದೇ ಚಟವಿತ್ತು. ಅವನು ತಾನಾಗಿಯೇ ಒಪ್ಪಿ ವೈದ್ಯರೊಬ್ಬರಲ್ಲಿಗೆ ಹೋದ. ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು ಎಲ್ಲವೂ ವಾರದೊಳಗೆ ಇಳಿದಾಗ ಕಷಾಯವೇ ಗೆದ್ದಿತೆಂದು ನಂಬಿ ದೇವರಿಗೆ ತುಪ್ಪದ ದೀಪ ಹಚ್ಚಿದೆವು. ಆ ಯಾತನೆ ಔಷಧಿಯಿಲ್ಲದೆಯೂ ಸುಮಾರು ಅಷ್ಟೇ ದಿನಗಳಲ್ಲಿ ಇಳಿಯುತ್ತದೆಂದು ನಮಗಾರೂ ಹೇಳಿರಲಿಲ್ಲ. ಒಂದು ತಿಂಗಳು ಅಮ್ಮ ಬಡಿಸಿದ ಪಥ್ಯದ ಗಂಜಿಯುಂಡು, ತೋಟದ ಕೆಲಸಕ್ಕೂ ಬಂದವನು, ಹಳೆಯ ಗೆಳೆಯರ ಜೊತೆ ಒಂದೇ ಒಂದು ಸಲ ಹಿಂದಿನಷ್ಟೇ ತೆಗೆದುಕೊಂಡ. ಬಿಟ್ಟ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ, ಉಸಿರೇ ನಿಂತುಹೋಗಬಹುದು ಎಂಬುದನ್ನು ನಾನು ಶವಾಗಾರದ ಹೊರಗೆ ನಿಂತು ತಿಳಿದೆ. ಪಥ್ಯ ಕೆಟ್ಟಿದ್ದರಿಂದ ಹೀಗಾಯಿತೆಂದು ಅಮ್ಮ ಇಂದಿಗೂ ತನ್ನ ಕೈಯಡುಗೆಯನ್ನೇ ಶಪಿಸುತ್ತಾಳೆ. ಪುಡಿ ಕೊಡಿ ಎನ್ನಲೂ ಕೊಡಬೇಡಿ ಎನ್ನಲೂ ನನ್ನಿಂದಾಗದು. ಬಿಟ್ಟ ನಂತರದ ತಿಂಗಳುಗಳಲ್ಲಿ ಅವನೊಡನೆ ಯಾರಿರುತ್ತಾರೆ ಎಂಬುದನ್ನು ಮೊದಲು ಯೋಚಿಸಿ.
– ಓದುಗರೊಬ್ಬರು, ತೀರ್ಥಹಳ್ಳಿ

ಬೆಳೆದ ಮಗನಿಗೆ ತಿಳಿಯದಂತೆ ಔಷಧಿ ಹಾಕುವುದು ಮೋಸ. ಮಾಡಬೇಡಿ.
– ನಿವೃತ್ತ ಶಿಕ್ಷಕರು, ಗದಗ

ಈ ಮಾತು ಕಠಿಣವೆನಿಸಬಹುದು. ಮುಂದಿನ ಪತ್ರ ಬೇರೊಂದು ದಾರಿಯಿಂದ ಅದರ ಸಮೀಪಕ್ಕೇ ಬರುತ್ತದೆ.

ಗಿಡಮೂಲಿಕೆಯನ್ನು ಹೀಗಳೆಯಬೇಡಿ. ಥಾಯ್ಲೆಂಡಿನ ಸರಬುರಿ ಪ್ರಾಂತ್ಯದ ಥಾಮ್ ಕ್ರಾಬೋಕ್ ಬೌದ್ಧ ವಿಹಾರದಲ್ಲಿ 1959ರಿಂದ ವ್ಯಸನಿಗಳಿಗೆ ಗಿಡಮೂಲಿಕೆಗಳ ಕಷಾಯ ಕುಡಿಸಿ ವಾಂತಿ ಮಾಡಿಸುವ ಚಿಕಿತ್ಸೆ ನಡೆದುಬಂದಿದೆ. ಈ ಸೇವೆಗಾಗಿ ಅಲ್ಲಿನ ಭಿಕ್ಷು ಚಾಮ್ರೂನ್ ಅವರಿಗೆ 1975ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿ ಮೊದಲು ವ್ಯಸನಿಯೇ ಇನ್ನು ಮುಟ್ಟೆನೆಂದು ಪ್ರತಿಜ್ಞೆ ಮಾಡಬೇಕು, ಕಷಾಯ ಆಮೇಲೆ.
– ಓದುಗರು, ಬ್ಯಾಂಕಾಕ್

ಪುಡಿಯಲ್ಲಿ ಏನಿದೆಯೆಂದು ಕೇಳಿ, ಹೇಳದಿದ್ದರೆ ಮರಳಿಸಿ. ಬೇರು ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಆಫ್ರಿಕಾದ ಗ್ಯಾಬೊನ್ ದೇಶದ ಇಬೋಗಾ ಬೇರಿನ ಸತ್ವ ಹೆರಾಯಿನ್ ಬಿಟ್ಟಾಗಿನ ಯಾತನೆಯನ್ನು ತಗ್ಗಿಸುತ್ತದೆಂದು 1960ರ ದಶಕದಿಂದಲೂ ಹೇಳುತ್ತ ಬಂದಿದ್ದಾರೆ, ಆದರೆ ಅದೇ ಸತ್ವ ಹೃದಯದ ಬಡಿತವನ್ನು ಏರುಪೇರು ಮಾಡಿ ಪ್ರಾಣ ತೆಗೆದದ್ದೂ ಉಂಟು. ನಾನು ಆಯುರ್ವೇದವನ್ನೇ ನಂಬಿ ಬದುಕಿದವನು, ಆದ್ದರಿಂದಲೇ ಹೆಸರಿಲ್ಲದ ಪುಡಿಗೆ ಹೆದರುತ್ತೇನೆ.
– ಆಯುರ್ವೇದ ವೈದ್ಯರು, ಶಿರಸಿ

ಮಗನ ವಯಸ್ಸು, ಚಟ, ಖರ್ಚು ಎಲ್ಲವನ್ನೂ ಬರೆದಿದ್ದೀರಿ. ಅವನು ಏನು ಹೇಳುತ್ತಾನೆಂಬುದನ್ನು ಮಾತ್ರ ಬರೆದಿಲ್ಲ.
– ಗೃಹಿಣಿ, ಚಿತ್ರದುರ್ಗ

ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ತಾಯಿ ಮತ್ತು ಮಗ ಒಟ್ಟಿಗೆ ಕುಳಿತು ಕರೆ ಮಾಡಬಹುದು. – ಸಂ.