ಒಂದೇ ಜಾಗ, ಅದೇ ಗಾಳ: ವಾಲ್‌ಐ ಮೀನು ಮಾತ್ರ ಸಿಗುತ್ತಿಲ್ಲ, ಕಾರಣವೇನಿರಬಹುದು?

ಹೊಳೆಬದಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟಾದಲ್ಲಿ, ಹಳೆಯ ಅಣೆಕಟ್ಟೊಂದರ ಕೆಳಗಿನ ಸುಮಾರು ಒಂದು ಕಿಲೋಮೀಟರ್ ಹರಿವಿನಲ್ಲಿ, ನಾನು ಹನ್ನೆರಡು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ. ಮೇ ಮಧ್ಯದಲ್ಲಿ ವಾಲ್‌ಐ (ಇಲ್ಲಿನ ಸಿಹಿನೀರಿನ ಬೇಟೆಗಾರ ಮೀನು) ಹಿಡಿಯಲು ಅನುಮತಿ ಸಿಕ್ಕ ಮೊದಲ ವಾರಗಳಲ್ಲಿ ಒಂದು ಸಂಜೆಗೆ ಐದಾರು ಮೀನುಗಳು ಸಿಗುತ್ತಿದ್ದ ಜಾಗದಲ್ಲಿ, ಕಳೆದ ನಾಲ್ಕು ವರ್ಷಗಳಿಂದ ಒಂದು ಸಿಕ್ಕರೆ ಅದೇ ಹೆಚ್ಚು. ದಡದಲ್ಲಿ ಜೊತೆಗೆ ನಿಲ್ಲುವವರನ್ನು ಕೇಳಿದರೆ, ಗಾಳ ಹಾಕುವವರ ಸಂಖ್ಯೆ ಹೆಚ್ಚಾಯಿತೆಂದು ಒಬ್ಬರು, ನೀರುಕಾಗೆಗಳು ತಿಂದು ಮುಗಿಸಿದವೆಂದು ಇನ್ನೊಬ್ಬರು ಹೇಳುತ್ತಾರೆ. ಇದರಲ್ಲಿ ಯಾವುದನ್ನು ನಂಬಬಹುದು, ಬೇರೆ ಕಾರಣಗಳೂ ಇರಬಹುದೇ ಎಂದು ತಿಳಿದವರು ಹೇಳಬೇಕಾಗಿ ಕೋರಿಕೆ.

ನೀರುನಾಯಿ

ಸರ್, ಗಾಳಕ್ಕೆ ಸಿಗುವುದು ಕಡಿಮೆಯಾಗುವುದೂ ನದಿಯಲ್ಲಿ ಮೀನೇ ಕಡಿಮೆಯಾಗುವುದೂ ಒಂದೇ ಅಲ್ಲ. ಆದ್ದರಿಂದ ಸಿಕ್ಕ ಒಂದೆರಡು ಮೀನುಗಳ ಉದ್ದ ಎಷ್ಟಿತ್ತು ಎಂಬುದನ್ನು ಮೊದಲು ತಿಳಿಸಿ. ದೊಡ್ಡವೂ ಚಿಕ್ಕವೂ ಬೆರೆತು ಒಟ್ಟು ಸಂಖ್ಯೆ ಮಾತ್ರ ಇಳಿದಿದ್ದರೆ ಒಂದು ಕಥೆ, ಚಿಕ್ಕವು ಕಾಣಿಸುವುದೇ ನಿಂತಿದ್ದರೆ ಇನ್ನೊಂದು.

ಎರಡನೆಯದಾಗಿದ್ದರೆ ನನ್ನ ಅನುಮಾನ ವಸಂತದ ಆ ಕೆಲವು ವಾರಗಳ ಮೇಲೆ. ಹಿಮ ಕರಗಿ ನೀರು 6ರಿಂದ 10 ಡಿಗ್ರಿ ಸೆಲ್ಸಿಯಸ್ ತಲುಪುವಾಗ, ಈ ಮೀನು ರಾತ್ರಿ ಹೊತ್ತಿನಲ್ಲಿ ಜಲ್ಲಿಕಲ್ಲಿನ ಮೇಲೆ ರಭಸವಾಗಿ ಹರಿಯುವ ನೀರಿನಲ್ಲಿ ಮೊಟ್ಟೆ ಚೆಲ್ಲಿ ಹೊರಟುಹೋಗುತ್ತದೆ. ಗೂಡೂ ಇಲ್ಲ, ಕಾವಲೂ ಇಲ್ಲ. ಒಂದು ದೊಡ್ಡ ಹೆಣ್ಣು ಲಕ್ಷಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದಾದರೂ, ಅವು ಕಲ್ಲುಗಳ ಸಂದಿಯಲ್ಲಿ ಎರಡು ಮೂರು ವಾರ ಉಳಿದುಕೊಳ್ಳಬೇಕು. ಆ ನಡುವೆ ಅಣೆಕಟ್ಟಿನ ಬಾಗಿಲು ಹಾಕಿದರೆ ಅಂಚಿನ ಜಲ್ಲಿ ಒಣಗುತ್ತದೆ, ಹೊಲಗಳ ಮಣ್ಣು ಕೊಚ್ಚಿ ಬಂದರೆ ಸಂದಿಗಳು ಹೂಳಿನಿಂದ ಮುಚ್ಚಿಹೋಗಿ ಮೊಟ್ಟೆಗಳಿಗೆ ಆಮ್ಲಜನಕ ಸಿಗುವುದಿಲ್ಲ. ಅಣೆಕಟ್ಟು ಇರುವುದೇ ಒಂದು ತೊಡಕು: ಮೇಲಿನ ಜಲ್ಲಿಗೆ ಮೀನು ಹತ್ತಲಾರದು. ಒಹಾಯೋದ ಸ್ಯಾಂಡಸ್ಕಿ ನದಿಯಲ್ಲಿ 2018ರಲ್ಲಿ ಬಾಲ್‌ವಿಲ್ ಅಣೆಕಟ್ಟನ್ನು ಒಡೆದು ತೆಗೆದಾಗ, ಈರಿ ಸರೋವರದಿಂದ ಏರಿ ಬರುವ ವಾಲ್‌ಐಗಳಿಗೆ ಮೇಲಿನ ಮೊಟ್ಟೆಯಿಡುವ ತಾಣಗಳ ದಾರಿ ತೆರೆಯುವುದೂ ಒಂದು ಉದ್ದೇಶವಾಗಿತ್ತು.

ತೆಪ್ಪ

ನೀರು ಮೊದಲಿಗಿಂತ ತಿಳಿಯಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಈ ಮೀನಿನ ಕಣ್ಣಿಗೆ ರಾತ್ರಿ ಬ್ಯಾಟರಿ ಬೆಳಕು ಬಿಟ್ಟರೆ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ, ಏಕೆಂದರೆ ಒಳಗೆ ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರವಿದೆ. ಮಬ್ಬಿನಲ್ಲಿ ಬೇಟೆಯಾಡಲು ಹೇಳಿ ಮಾಡಿಸಿದ ಕಣ್ಣು ಅದು. ಉಗುರಿನಷ್ಟಿರುವ ಜೀಬ್ರಾ ಮಸೆಲ್ ಚಿಪ್ಪುಜೀವಿಗಳು ನೆಲೆಸಿದ ಕಡೆ, ಒಂದೊಂದೂ ದಿನಕ್ಕೆ ಸುಮಾರು ಒಂದು ಲೀಟರ್ ನೀರನ್ನು ಸೋಸುವುದರಿಂದ ನೀರು ಸ್ವಚ್ಛವಾಗಿ ಕಾಣುತ್ತದೆ, ಆದರೆ ಮರಿಗಳ ಮೊದಲ ಆಹಾರವಾದ ಸೂಕ್ಷ್ಮಜೀವಿಗಳ ಪಾಲು ಕಡಿಮೆಯಾಗುತ್ತದೆ. ಅಂಥ ನೀರಿನಲ್ಲಿ ವಾಲ್‌ಐ ಹಗಲಲ್ಲಿ ಆಳಕ್ಕೆ ಸರಿದು ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಸಂಜೆ ಆರಕ್ಕೆ ಗಾಳ ಸುತ್ತಿ ಮನೆಗೆ ಹೊರಡುವವರಿಗೆ ಮೀನು ಇಲ್ಲವೆಂದೇ ಅನಿಸುತ್ತದೆ!

ನೀರುಕಾಗೆಯ ವಾದವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಅದು ಕಣ್ಣಿಗೆ ಕಾಣುವ ಶತ್ರು, ಹಾಗಾಗಿ ಬೈಗುಳ ಅದಕ್ಕೇ ಮೊದಲು.

ಹೊಳೆಬದಿ

ಇಬ್ಬರಿಗೂ ಧನ್ಯವಾದಗಳು. ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದೆ. ಮೊದಲ ಎಂಟು ವರ್ಷಗಳಲ್ಲಿ 35ರಿಂದ 40 ಸೆಂಟಿಮೀಟರ್ ಉದ್ದದವೇ ಹೆಚ್ಚು. ಇತ್ತೀಚಿನ ನಾಲ್ಕು ವರ್ಷಗಳಲ್ಲಿ ಸಿಕ್ಕ ಹದಿನೇಳರಲ್ಲಿ ಹದಿನಾಲ್ಕು 55 ಸೆಂಟಿಮೀಟರ್ ದಾಟಿವೆ. ನೀರಿನ ವಿಷಯವೂ ನಿಜ: ಮೊದಲು ಮೊಣಕಾಲಿನವರೆಗೆ ಇಳಿದರೆ ಬೂಟು ಕಾಣುತ್ತಿರಲಿಲ್ಲ, ಈಗ ಸೊಂಟದ ಆಳದಲ್ಲಿಯೂ ಬೂಟಿನ ದಾರ ಕಾಣುತ್ತದೆ.

ನೀರುನಾಯಿ

ಹಾಗಿದ್ದರೆ ನಿಮಗೆ ಸಿಗುತ್ತಿರುವುದು ಹಳೆಯ ತಲೆಮಾರು. ಹೊಸ ಮರಿಗಳು ಸೇರ್ಪಡೆಯಾಗಿಲ್ಲ, ಅಂದರೆ ಮೊಟ್ಟೆಯ ಹಂತದಲ್ಲಿಯೇ ಎಡವಟ್ಟಾಗಿದೆ ಎಂದು ನನಗನಿಸುತ್ತದೆ.

ತೆಪ್ಪ

ಅಷ್ಟು ಅವಸರ ಬೇಡ. ನಿಮ್ಮದೇ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದ ಉದಾಹರಣೆಯನ್ನೇ ನೋಡಿ. ಅಲ್ಲಿ ಮೊಟ್ಟೆ ಒಡೆದು ಮರಿಗಳು ಬರುತ್ತಿದ್ದವು, ಮೊದಲ ಶರತ್ಕಾಲಕ್ಕೆ ಸಾಕಷ್ಟು ಇರುತ್ತಲೂ ಇದ್ದವು. ಆಮೇಲೆ ಬೆಳೆದು ದೊಡ್ಡವಾಗುವಷ್ಟರಲ್ಲಿ ಬಹುಪಾಲು ಕಾಣೆಯಾಗುತ್ತಿದ್ದವು. ಅಲ್ಲಿ 2005ರಲ್ಲಿ ಜೀಬ್ರಾ ಮಸೆಲ್ ಪತ್ತೆಯಾಗುವುದಕ್ಕೂ ಮುಂಚೆಯೇ ನೀರು ತಿಳಿಯಾಗತೊಡಗಿತ್ತು, ಹೀಗಾಗಿ ಒಂದೇ ಚಿಪ್ಪಿನ ತಲೆಗೆ ಎಲ್ಲವನ್ನೂ ಕಟ್ಟುವಂತಿಲ್ಲ. ಕಡೆಗೆ 2016ರಲ್ಲಿ ಹಿಡಿದ ವಾಲ್‌ಐಯನ್ನು ಬಿಟ್ಟುಬಿಡಬೇಕೆಂಬ ನಿಯಮದೊಂದಿಗೇ ಗಾಳ ಹಾಕಲು ಅನುಮತಿ ದೊರೆಯಿತು.

ಹೊಳೆಬದಿಯವರೇ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಮೀನುಗಾರಿಕಾ ಕಚೇರಿಯಲ್ಲಿ, ಶರತ್ಕಾಲದ ರಾತ್ರಿಗಳಲ್ಲಿ ನೀರಿಗೆ ವಿದ್ಯುತ್ ಹರಿಸಿ ಮೀನುಗಳನ್ನು ಕ್ಷಣಕಾಲ ಮಂಕಾಗಿಸುವ ದೋಣಿ ಬಳಸಿ ಆ ಹರಿವಿನ ಮರಿಗಳನ್ನು ಎಣಿಸಿದ್ದಾರೆಯೇ ಎಂದು ವಿಚಾರಿಸಿ. ಆ ವರ್ಷದ ಮರಿಗಳೇ ಕಂಡುಬಂದಿಲ್ಲವಾದರೆ ನೀರುನಾಯಿಯವರ ಮಾತು ಸರಿ, ಮರಿಗಳಿದ್ದು ಎರಡು ಮೂರು ವರ್ಷದವು ಇಲ್ಲದಿದ್ದರೆ ಆಹಾರದ ಕೊರತೆಯನ್ನೂ ಮರಿಗಳನ್ನು ತಿನ್ನುವ ಮೀನುಗಳನ್ನೂ ಅನುಮಾನಿಸಬೇಕು.

ಹೊಳೆಬದಿ

ನಾಳೆಯೇ ಪತ್ರ ಬರೆಯುತ್ತೇನೆ. ಅಲ್ಲಿಯವರೆಗೆ ದೊಡ್ಡ ಹೆಣ್ಣುಗಳನ್ನು ನೀರಿಗೇ ಬಿಡುತ್ತೇನೆ, ನೀರು ಬೆಚ್ಚಗಾದ ಜುಲೈ ತಿಂಗಳಲ್ಲಿ ಬಿಟ್ಟ ಮೀನೂ ಬದುಕುಳಿಯುವುದು ಕಷ್ಟವಾದ್ದರಿಂದ ಆಗ ಗಾಳವನ್ನೇ ಹಾಕುವುದಿಲ್ಲ. ಉತ್ತರ ಬಂದ ಕೂಡಲೇ ಇಲ್ಲಿಯೇ ತಿಳಿಸುತ್ತೇನೆ.