ಮೈಕಿಲ್ಲದ ತಾಳಮದ್ದಳೆಗೆ ಎನ್‌ಸಿಪಿಎಯೋ, ಆಪೇರಾ ಹೌಸೋ?

ಪ್ರಶ್ನೆ (ಡೊಂಬಿವಲಿಯಿಂದ)

ಡೊಂಬಿವಲಿ, ಮುಲುಂಡ್ ಕಡೆಯ ನಾವು ಕೆಲವು ಹವ್ಯಾಸಿಗಳು ಬಹುಕಾಲದಿಂದ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಕೂಟಗಳನ್ನು ನಡೆಸಿಕೊಂಡು ಬರುತ್ತಿದ್ದೇವೆ. ಕಳೆದ ಬಾರಿ ಉಪನಗರದ ಸಭಾಗೃಹವೊಂದರಲ್ಲಿ ಕೌರವನ ಅರ್ಥಧಾರಿ (ಪಾತ್ರದ ಮಾತಾಡುವವರು) ಪೀಠಿಕೆ ಆರಂಭಿಸಿದೊಡನೆ ಮೈಕು ಕೀರಲು ಸ್ವರದಲ್ಲಿ ಕೂಗತೊಡಗಿತು. ವೈರು ಹುಡುಕಿ ಸರಿಪಡಿಸುವ ಹೊತ್ತಿಗೆ ಮಾತಿನ ಕಾವು ಇಳಿದು, ಹಾಡುವ ಭಾಗವತರು ಅದೇ ಪದವನ್ನು ಮತ್ತೊಮ್ಮೆ ಎತ್ತಿಕೊಳ್ಳಬೇಕಾಯಿತು. ಅಂದಿನಿಂದ, ಒಮ್ಮೆಯಾದರೂ ಮೈಕಿನ ಹಂಗಿಲ್ಲದೆ ಕೂಟ ನಡೆಸಬೇಕೆಂಬ ಆಸೆ ನಮ್ಮನ್ನು ಬಿಟ್ಟಿಲ್ಲ. ಮುಂಬಯಿ ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ (ನ್ಯಾಷನಲ್ ಸೆಂಟರ್ ಫಾರ್ ದಿ ಪರ್ಫಾರ್ಮಿಂಗ್ ಆರ್ಟ್ಸ್) ಐದು ರಂಗಮಂದಿರಗಳಿವೆ. ಚರ್ನಿ ರೋಡಿನ ಬಳಿ ರಾಯಲ್ ಆಪೇರಾ ಹೌಸ್ ಇದೆ. ನಮ್ಮ ಕೂಟಕ್ಕೆ ಹೆಚ್ಚೆಂದರೆ ಇನ್ನೂರೈವತ್ತು ಜನ ಬಂದಾರು. ಬಾಡಿಗೆಯ ಮಾತು ಆಮೇಲಿನದು. ಧ್ವನಿಯ ದೃಷ್ಟಿಯಿಂದ ಯಾವುದು ಸರಿ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಾಟುಂಗದಿಂದ)

ಐದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ, ಏಕೆಂದರೆ ಒಂದೊಂದನ್ನು ಕಟ್ಟಿಸಿದ ಉದ್ದೇಶವೂ ಬೇರೆ. ನಿಮ್ಮ ಆಸೆಗೆ ತೀರ ಹತ್ತಿರವಾದದ್ದು ಟಾಟಾ ಥಿಯೇಟರ್. ಜೆ.ಆರ್.ಡಿ. ಟಾಟಾ ಮತ್ತು ಜಮ್ಶೆಡ್ ಭಾಭಾ 1969ರಲ್ಲಿ ಸ್ಥಾಪಿಸಿದ ಎನ್‌ಸಿಪಿಎ ಮೊದಲಿಗೆ ಭೂಲಾಭಾಯಿ ದೇಸಾಯಿ ರಸ್ತೆಯ ಕಟ್ಟಡವೊಂದರಲ್ಲಿತ್ತು. ಕಡಲನ್ನು ತುಂಬಿಸಿ ಪಡೆದ ನರಿಮನ್ ಪಾಯಿಂಟಿನ ನೆಲದಲ್ಲಿ ಟಾಟಾ ಥಿಯೇಟರ್ 1980ರಲ್ಲಿ ತೆರೆಯಿತು. ಅದರ ವಾಸ್ತುಶಿಲ್ಪಿ ಅಮೆರಿಕದ ಫಿಲಿಪ್ ಜಾನ್ಸನ್. ಧ್ವನಿವ್ಯವಸ್ಥೆಯನ್ನು ರೂಪಿಸಿದವರು ಸಿರಿಲ್ ಹ್ಯಾರಿಸ್. ನಮ್ಮ ಶಾಸ್ತ್ರೀಯ ಸಂಗೀತವು ಮೈಕಿಲ್ಲದೆಯೇ ಎಲ್ಲರಿಗೂ ಮುಟ್ಟಬೇಕು ಎಂಬುದನ್ನು ಮುಂದಿಟ್ಟುಕೊಂಡೇ ಆಸನಗಳನ್ನು ಬೀಸಣಿಗೆಯಂತೆ ಹರಡಿದ್ದಾರೆ. ನಾನೊಮ್ಮೆ ಕೊನೆಯ ಸಾಲುಗಳಲ್ಲಿ ಕುಳಿತಿದ್ದಾಗ, ತಂಬೂರಿಯ ತಂತಿ ಬಿಗಿಮಾಡುವಾಗ ಬಿರಟೆ ಕಿರುಗುಟ್ಟಿದ್ದೂ ಕೇಳಿಸಿತ್ತು.

ಆದರೆ ಅಲ್ಲಿರುವುದು 1,010 ಆಸನಗಳು. ಎದುರಿನವರ ಮುಖ ನೋಡಿ ಮಾತು ಬೆಳೆಸುವ ಅರ್ಥಧಾರಿಗೆ ಮುಕ್ಕಾಲುಪಾಲು ಖಾಲಿ ಕುರ್ಚಿಗಳಿಗಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಆದ್ದರಿಂದ ಸುಮಾರು 300 ಜನ ಹಿಡಿಯುವ ಎಕ್ಸ್‌ಪೆರಿಮೆಂಟಲ್ ಥಿಯೇಟರನ್ನು ನೋಡಿರಿ. ಅಲ್ಲಿ ಕುರ್ಚಿಗಳನ್ನು ಬೇಕಾದಂತೆ ಜೋಡಿಸಬಹುದಾದ್ದರಿಂದ, ಊರಿನ ದೇವಸ್ಥಾನದ ಜಗಲಿಯ ಕೂಟದಂತೆ ಮೂರು ಕಡೆಯೂ ಜನರನ್ನು ಕೂರಿಸಲು ಸಾಧ್ಯ. 1999ರಲ್ಲಿ ತೆರೆದ ಜಮ್ಶೆಡ್ ಭಾಭಾ ಥಿಯೇಟರ್ ಆಪೇರಾ, ಬ್ಯಾಲೆಗಳ ಅಳತೆಯದು, ಅದನ್ನು ಮರೆತುಬಿಡಿ. ಗೋದ್ರೆಜ್ ಡಾನ್ಸ್ ಥಿಯೇಟರ್ ಮತ್ತು ಲಿಟಲ್ ಥಿಯೇಟರ್ ನಿಮ್ಮ ಸಂಖ್ಯೆಗೆ ಸಾಲವು.

ಉತ್ತರ (ಗಿರಗಾಂವದಿಂದ)

ಮಾಟುಂಗದವರು ಹೇಳಿದ್ದನ್ನು ಒಪ್ಪುತ್ತಲೇ ಇನ್ನೊಂದು ಮಾತು ಸೇರಿಸುತ್ತೇನೆ. ಮೈಕಿಲ್ಲದೆ ಕೇಳಿಸುವಂತೆ ಕಟ್ಟುವುದು ಎನ್‌ಸಿಪಿಎಗೆ ಒಂದು ಆಯ್ಕೆಯಾಗಿತ್ತು. ರಾಯಲ್ ಆಪೇರಾ ಹೌಸಿಗೆ ಬೇರೆ ದಾರಿಯೇ ಇರಲಿಲ್ಲ. ಐದನೇ ಜಾರ್ಜ್ ದೊರೆ 1911ರಲ್ಲಿ ಅದನ್ನು ಉದ್ಘಾಟಿಸಿದಾಗ ರಂಗಭೂಮಿಯಲ್ಲಿ ಮೈಕು ಎಂಬುದೇ ಇರಲಿಲ್ಲ. ಮರಾಠಿ ರಂಗಭೂಮಿಯ ಗಾಯಕನಟ ಬಾಲಗಂಧರ್ವರು ಹಾಡಿದ ವೇದಿಕೆ ಅದು. ಮುಂದೆ ಅದು ಸಿನಿಮಾ ಮಂದಿರವಾಯಿತು, 1993ರಲ್ಲಿ ಮುಚ್ಚಿತು. ಆ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, ಸುತ್ತಲ ವಜ್ರದ ವ್ಯಾಪಾರಿಗಳು ‘ಆಪೇರಾ ಹೌಸ್’ ಎಂಬುದನ್ನು ಬರೀ ಬಡಾವಣೆಯ ಹೆಸರಾಗಿ ಬಳಸುತ್ತಿದ್ದರು. ನಾವೂ ಬೀಗ ಬಿದ್ದ ಕಟ್ಟಡವನ್ನು ತಲೆಯೆತ್ತಿ ನೋಡದೆ ದಾಟಿಹೋಗುತ್ತಿದ್ದೆವು. ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಉಸ್ತುವಾರಿಯಲ್ಲಿ ಜೀರ್ಣೋದ್ಧಾರಗೊಂಡು 2016ರಲ್ಲಿ ಮತ್ತೆ ತೆರೆದದ್ದಕ್ಕೆ ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಯೂ ಬಂತು. ಈಗಿರುವುದು 575 ಆಸನಗಳು. ಬಾಲ್ಕನಿಯನ್ನು ಮುಚ್ಚಿ ಎಲ್ಲರನ್ನೂ ಕೆಳಗೆ ಕೂರಿಸಿದರೆ ನಿಮ್ಮ ಇನ್ನೂರೈವತ್ತು ಜನ ಬಣಗುಟ್ಟುವುದಿಲ್ಲ. ಚಿನ್ನದ ಬಣ್ಣದ ಆ ಅಲಂಕಾರದ ನಡುವೆ ಪಂಚೆ, ಶಲ್ಯದವರು ಹೇಗೆ ಕಂಡಾರು ಎಂಬುದು ಬೇರೆ ವಿಷಯ. ನನಗಂತೂ ಚೆನ್ನಾಗಿಯೇ ಕಾಣುತ್ತಾರೆ.

ಉತ್ತರ (ಠಾಣೆಯಿಂದ, ಮದ್ದಳೆ ನುಡಿಸುವವನು)

ಮೈಕು ತೆಗೆದ ಮೇಲೆ ತೊಂದರೆ ಕೊಡುವುದು ಮಾತಲ್ಲ, ಚೆಂಡೆ. ಅರ್ಥಧಾರಿ ಮೆಲುದನಿಯಲ್ಲಿ ನಾಲ್ಕು ಮಾತಾಡಿದ ಬೆನ್ನಿಗೇ ಮುಚ್ಚಿದ ಮಂದಿರದಲ್ಲಿ ಚೆಂಡೆಯ ಪೆಟ್ಟು ಬಿದ್ದರೆ, ಕೇಳುವವನ ಕಿವಿ ಮತ್ತೆ ಮಾತಿಗೆ ಹೊಂದಿಕೊಳ್ಳಲು ಹೊತ್ತು ಬೇಕಾಗುತ್ತದೆ. ಮದ್ದಳೆಯೊಂದನ್ನೇ ಇಟ್ಟುಕೊಳ್ಳಿರಿ, ಇಲ್ಲವೇ ಚೆಂಡೆಯನ್ನು ಆವೇಶದ ಏರುಪದಗಳಿಗಷ್ಟೇ ಮೀಸಲಿಡಿರಿ. ಮಂದಿರವನ್ನು ನೋಡಲು ಹೋದಾಗ ಏಸಿ ಚಾಲೂ ಮಾಡಿಸಿಯೇ ಪರೀಕ್ಷಿಸಬೇಕು. ಅದರ ಗುಂಯ್‌ಗುಡುವಿಕೆ ವಾಕ್ಯದ ಕೊನೆಯ ಅಕ್ಷರಗಳನ್ನು ನುಂಗುತ್ತದೆ. ಖಾಲಿ ಮಂದಿರದಲ್ಲಿ ಮೊಳಗುವ ದನಿ ಜನ ತುಂಬಿದಾಗ ಅಷ್ಟು ಮೊಳಗುವುದಿಲ್ಲ ಎಂಬುದೂ ನೆನಪಿರಲಿ, ಏಕೆಂದರೆ ಮೈ, ಬಟ್ಟೆಗಳೆಲ್ಲ ನಾದವನ್ನು ಹೀರಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎಕ್ಸ್‌ಪೆರಿಮೆಂಟಲ್ ಥಿಯೇಟರಿಗೂ ಆಪೇರಾ ಹೌಸಿಗೂ ಒಂದೊಂದು ಕಾರ್ಯಕ್ರಮದ ಟಿಕೆಟು ಕೊಂಡು, ಹಿಂದಿನ ಸಾಲಿನಲ್ಲಿ ಕುಳಿತು ಕೇಳಿಯೇ ತೀರ್ಮಾನಿಸುತ್ತೇವೆ. ಚೆಂಡೆಯ ವಿಷಯವನ್ನು ನಮ್ಮ ಚೆಂಡೆಯವರಿಗೆ ಯಾರು ಹೇಳುವುದು ಎಂಬುದೊಂದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅವರು ನನ್ನ ಭಾವ.