ಒಂದೇ ನೆಗಡಿಗೆ ಎರಡು ಪೊಟ್ಟಣ: ಚೀನೀ ಗಿಡಮೂಲಿಕೆ ಔಷಧದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಸಿಂಗಪುರದ ಸದಸ್ಯೆ): ಮೇಡಂ, ನೀವು ಇಲ್ಲಿ ಫಾರ್ಮಸಿಸ್ಟ್ ಆಗಿದ್ದೀರಿ, ಚೀನೀ ಮೂಲಿಕೆಗಳನ್ನೂ ಓದಿಕೊಂಡಿದ್ದೀರಿ ಅಂತ ಗುಂಪಿನಲ್ಲಿ ಹೇಳಿದರು. ಕಳೆದ ವಾರ ನನಗೂ ಯಜಮಾನರಿಗೂ ನೆಗಡಿ, ಜ್ವರ. ಚೀನೀ ವೈದ್ಯರ ಹತ್ತಿರ ಹೋದೆವು. ನಾಡಿ ಹಿಡಿದರು, ನಾಲಿಗೆ ನೋಡಿದರು, ಚಳಿಯಾ, ಬಾಯಾರಿಕೆಯಾ, ಬೆವರು ಬರುತ್ತಾ ಅಂತ ಕೇಳಿದರು. ನನಗೆ ಶುಂಠಿ, ಕಡ್ಡಿಗಳಿದ್ದ ಪೊಟ್ಟಣ ಕೊಟ್ಟರು. ಅವರಿಗೆ ಒಣ ಹೂವು, ಪುದೀನ. ಇಬ್ಬರದ್ದೂ ಒಂದೇ ನೆಗಡಿ ಅಲ್ವಾ?

ಉತ್ತರ: ಅವರ ಲೆಕ್ಕದಲ್ಲಿ ಒಂದೇ ಅಲ್ಲ. ಚೀನೀ ವೈದ್ಯರು ರೋಗದ ಹೆಸರಿಗೆ ಔಷಧ ಕೊಡುವುದಿಲ್ಲ. ಈ ಹೊತ್ತಿಗೆ ನಿಮ್ಮ ಮೈಯಲ್ಲಿ ಕಾಣುವ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿ ಕೊಡುತ್ತಾರೆ. ನಿಮಗೆ ಚಳಿ ಜಾಸ್ತಿ, ಮೂಗಿನಿಂದ ನೀರಿನಂಥ ಸಿಂಬಳ, ಬಾಯಾರಿಕೆ ಇಲ್ಲ ಅಂತ ಇದ್ದಿರಬೇಕು. ಅದು ಶೀತದ ನೆಗಡಿ, ಬಿಸಿ ಗುಣದ ಮೂಲಿಕೆ ಬೇಕು. ಯಜಮಾನರಿಗೆ ಗಂಟಲು ಉರಿ, ಬಾಯಾರಿಕೆ, ಹಳದಿ ಕಫ ಇದ್ದಿರಬೇಕು. ಅದು ಉಷ್ಣದ್ದು. ಹಾಗಾಗಿ ಹನಿಸಕಲ್ ಹೂವು, ಪುದೀನದಂಥ ತಂಪು ಪದಾರ್ಥ.

ಪ್ರತಿ ಮೂಲಿಕೆಗೂ ಎರಡು ಗುರುತು ಇರುತ್ತವೆ. ಒಂದು ಗುಣ: ತಣ್ಣನೆ, ತಂಪು, ಬೆಚ್ಚಗೆ, ಬಿಸಿ. ಇನ್ನೊಂದು ರುಚಿ: ಹುಳಿ, ಕಹಿ, ಸಿಹಿ, ಖಾರ, ಉಪ್ಪು. ಖಾರದ್ದು ಒಳಗಿರುವುದನ್ನು ಹೊರಗೆ ತಳ್ಳುತ್ತದೆ, ಬೆವರಿಳಿಸುತ್ತದೆ. ಹುಳಿ ಹಿಡಿದಿಡುತ್ತದೆ. ಕಹಿ ಉಷ್ಣ ಇಳಿಸುತ್ತದೆ, ತೇವ ಒಣಗಿಸುತ್ತದೆ. ಸಿಹಿ ಶಕ್ತಿ ತುಂಬುತ್ತದೆ. ಉಪ್ಪು ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ. ಗುಣ, ರುಚಿ ಎರಡನ್ನೂ ನೋಡಿಯೇ ಯಾವುದನ್ನು ಹಾಕಬೇಕು ಅಂತ ತೀರ್ಮಾನಿಸುತ್ತಾರೆ.

ಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ಬರೀ ಶುಂಠಿ ಕಷಾಯ ಸಾಕಿತ್ತಲ್ಲ? ಅಷ್ಟೊಂದು ಸಾಮಾನು ಯಾಕೆ?

ಉತ್ತರ: ಈ ವೈದ್ಯದ ಜಾಣತನ ಇರುವುದೇ ಅಲ್ಲಿ. ಒಂಟಿ ಮೂಲಿಕೆ ಕೊಡುವುದು ಕಡಿಮೆ. ಒಂದು ಹಳೇ ಯೋಗವನ್ನೇ, ಅಂದರೆ ಮೂಲಿಕೆಗಳ ಮಿಶ್ರಣವನ್ನೇ, ಬಿಡಿಸಿ ನೋಡೋಣ. ಹೆಸರು ಗ್ವೇ ಝೀ ಟಾಂಗ್. ಚೀನಾದ ಹಾನ್ ರಾಜವಂಶದ ಕಾಲದ ಕೊನೆಯಲ್ಲಿ, ಅಂದರೆ ಕ್ರಿ.ಶ. 200ರ ಆಸುಪಾಸಿನಲ್ಲಿ, ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯರು ಬರೆದಿಟ್ಟದ್ದು. ಚಳಿ-ಜ್ವರ ಇದೆ, ಆದರೂ ಸ್ವಲ್ಪ ಬೆವರು ಬರುತ್ತಿದೆ ಅನ್ನುವವರಿಗೆ ಇದು. ಬೇಕಾದದ್ದು ಐದೇ: ದಾಲ್ಚಿನ್ನಿ ಜಾತಿಯ ಮರದ ಎಳೆ ಕಡ್ಡಿ, ಪಿಯೋನಿ ಬೇರು, ಹಸಿ ಶುಂಠಿ, ಅತಿಮಧುರ, ಚೀನೀ ಎಲಚಿ ಹಣ್ಣು.

ಕಡ್ಡಿ ಇಲ್ಲಿ ರಾಜ. ಖಾರ, ಬೆಚ್ಚಗಿನದು, ಶೀತವನ್ನು ಹೊರಗೆ ಹಾಕುತ್ತದೆ. ಆದರೆ ಅದೊಂದನ್ನೇ ಕೊಟ್ಟರೆ, ಮೊದಲೇ ಬೆವರುತ್ತಿರುವವರು ಇನ್ನಷ್ಟು ಬೆವರಿ ಸುಸ್ತಾಗುತ್ತಾರೆ. ಅದಕ್ಕೇ ಮಂತ್ರಿಯಾಗಿ ಪಿಯೋನಿ. ಅದು ಹುಳಿ, ಹಿಡಿದಿಡುವಂಥದ್ದು. ಶುಂಠಿ, ಎಲಚಿ ಸಹಾಯಕರು, ಹೊಟ್ಟೆ ನೋಡಿಕೊಳ್ಳುತ್ತವೆ. ಅತಿಮಧುರ ದೂತ, ಎಲ್ಲರನ್ನೂ ಹೊಂದಿಸಿಕೊಂಡು ಹೋಗುತ್ತದೆ. ರಾಜ, ಮಂತ್ರಿ, ಸಹಾಯಕ, ದೂತ ಅನ್ನುವುದು ನನ್ನ ಕಲ್ಪನೆಯಲ್ಲ, ಚೀನೀ ಗ್ರಂಥಗಳೇ ಹೀಗೆ ಕರೆಯುತ್ತವೆ.

ನನಗೆ ಬಹಳ ಇಷ್ಟವಾಗುವುದು ಪ್ರಮಾಣದ ಆಟ. ಈ ಯೋಗದಲ್ಲಿ ಕಡ್ಡಿ, ಪಿಯೋನಿ ಸಮಸಮ. ಅದೇ ಐದು ಪದಾರ್ಥ ಇಟ್ಟುಕೊಂಡು ಪಿಯೋನಿ ಮಾತ್ರ ಎರಡರಷ್ಟು ಮಾಡಿದರೆ ಅದು ನೆಗಡಿ ಔಷಧ ಆಗಿ ಉಳಿಯುವುದಿಲ್ಲ, ಹೊಟ್ಟೆನೋವಿನ ಔಷಧ ಆಗುತ್ತದೆ. ಬೆವರೇ ಬರದ ಶೀತಜ್ವರ ಆದರೆ ರಾಜನೇ ಬದಲು, ಎಫೆಡ್ರಾ ಎಂಬ ಗಿಡ ಬರುತ್ತದೆ. ಅಂದಹಾಗೆ ಎಫೆಡ್ರಾ ಹೃದಯಕ್ಕೆ ಹಗುರವಾದದ್ದಲ್ಲ. ತೂಕ ಇಳಿಸುವ ಪುಡಿಗಳಲ್ಲಿ ಅದನ್ನು ಸುರಿದು ಅನಾಹುತವಾದ ಮೇಲೆ ಅಮೆರಿಕ 2004ರಲ್ಲಿ ಅಂಥ ಪೂರಕಗಳನ್ನು ನಿಷೇಧಿಸಿತು.

ಪ್ರಶ್ನೆ (ಉಡುಪಿಯ ಆಯುರ್ವೇದ ವಿದ್ಯಾರ್ಥಿ): ಮೇಡಂ, ಇದು ನಮ್ಮ ಉಷ್ಣವೀರ್ಯ, ಶೀತವೀರ್ಯವೇ ಅಲ್ವಾ?

ಉತ್ತರ: ಹತ್ತಿರ ಇದೆ, ಆದರೆ ಒಂದರ ಮೇಲೆ ಒಂದು ಸರಿಯಾಗಿ ಕೂರುವುದಿಲ್ಲ. ನಮ್ಮದು ಆರು ರಸ, ಅಂದರೆ ರುಚಿ. ಅವರು ಒಗರನ್ನು ಹುಳಿಯ ಜೊತೆ ಸೇರಿಸಿಬಿಡುತ್ತಾರೆ. ನಮ್ಮ ಪಂಚಭೂತದಲ್ಲಿ ಗಾಳಿ, ಆಕಾಶ ಇವೆ. ಅವರ ಐದರಲ್ಲಿ ಮರ, ಬೆಂಕಿ, ಮಣ್ಣು, ಲೋಹ, ನೀರು. ವಾತ-ಪಿತ್ತ-ಕಫ ಅಲ್ಲಿಲ್ಲ, ಯಿನ್-ಯಾಂಗ್ ಎಂಬ ತಂಪು-ಬಿಸಿಯಂಥ ಎದುರುಬದುರು ಜೋಡಿ ಇದೆ. ಪರೀಕ್ಷೆಗೆ ಓದುವಾಗ ಬೆರೆಸಬೇಡಿ. ಶುಂಠಿ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹಸಿಯದು ಬೇರೆ, ಒಣಗಿದ್ದು ಬೇರೆ. ಅವರಲ್ಲಿ ಹಸಿ ಶುಂಠಿ ಬೆವರಿಳಿಸಲು, ಒಣ ಶುಂಠಿ ಹೊಟ್ಟೆಯ ಒಳಗಿನ ಶೀತಕ್ಕೆ.

ಪ್ರಶ್ನೆ (ಮೈಸೂರಿನ ಸದಸ್ಯರು): ಈ ಕಷಾಯಕ್ಕೆ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದರೆ ಆಗಲ್ವಾ?

ಉತ್ತರ: ಬೇಡ ಸರ್! ಮಣ್ಣಿನ ಮಡಕೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲು. ಕಬ್ಬಿಣದ ಪಾತ್ರೆ ಬೇಡ, ಮೂಲಿಕೆಯ ಒಗರಿನ ಅಂಶ ಅದರ ಜೊತೆ ಸೇರಿ ಕಪ್ಪಾಗುತ್ತದೆ. ಮೊದಲು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸುತ್ತಾರೆ, ಆಮೇಲೆ ಸಣ್ಣ ಉರಿ. ಸಾಮಾನ್ಯವಾಗಿ ಎರಡು ಸಲ ಕುದಿಸಿ ಎರಡೂ ಕಷಾಯ ಬೆರೆಸಿ ಕುಡಿಯುತ್ತಾರೆ. ಪುದೀನದಂಥ ಘಮದ ಮೂಲಿಕೆಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಬೇಕು, ಇಲ್ಲದಿದ್ದರೆ ಪರಿಮಳ ಅಡುಗೆಮನೆಗೆ, ಸಪ್ಪೆ ನೀರು ನಿಮಗೆ.

ಗ್ವೇ ಝೀ ಟಾಂಗ್‌ಗೆ ಮೂಲದಲ್ಲೇ ವಿಧಾನ ಇದೆ: ಏಳು ಪಾಲು ನೀರು ಮೂರಕ್ಕಿಳಿಯಬೇಕು, ಒಂದು ಪಾಲು ಕುಡಿಯಬೇಕು. ಕುಡಿದ ಸ್ವಲ್ಪ ಹೊತ್ತಿಗೆ ಬಿಸಿಬಿಸಿ ತೆಳು ಗಂಜಿ ಕುಡಿದು ಹೊದ್ದು ಮಲಗಬೇಕು, ಮೈ ಸಣ್ಣಗೆ ಬೆವರಬೇಕು, ಧಾರಾಕಾರ ಅಲ್ಲ. ಜ್ವರಕ್ಕೆ ಗಂಜಿ ಅನ್ನುವುದು ನಮ್ಮ ಅಜ್ಜಿಯರ ಮಾತೂ ಹೌದು. ಪಥ್ಯದ ಪಟ್ಟಿಯಲ್ಲಿ ತಣ್ಣನೆಯದು, ಜಿಡ್ಡು, ಮಾಂಸ, ಹೆಂಡದ ಜೊತೆ ಹಾಲಿನ ಪದಾರ್ಥವೂ ಇದೆ. ಅಲ್ಲಿಗೆ ಮೊಸರನ್ನಕ್ಕೂ ಕತ್ತರಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಅಮ್ಮನಿಗೆ 68 ವರ್ಷ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಎರಡೂ ಇವೆ. ತಮ್ಮ ಗೋಜಿ ಹಣ್ಣು, ಜಿನ್ಸೆಂಗ್ ಕಳಿಸುತ್ತೇನೆ ಅಂತಾನೆ. ಗಿಡಮೂಲಿಕೆ ತಾನೇ, ತೊಂದರೆ ಇಲ್ಲ ಅಲ್ವಾ?

ಉತ್ತರ: ದಯವಿಟ್ಟು ಬೇಡ ಅನ್ನಿ. ವಾರ್ಫರಿನ್ ಜೊತೆ ಗೋಜಿ ತಿಂದು ರಕ್ತ ಅತಿಯಾಗಿ ತೆಳುವಾದ ಪ್ರಕರಣಗಳು ದಾಖಲಾಗಿವೆ. ಡಾಂಗ್ ಗ್ವೇ, ಡಾನ್ ಶೆನ್ ಎಂಬ ಬೇರುಗಳೂ ಹಾಗೇ. ಅತಿಮಧುರ ಜಾಸ್ತಿ ದಿನ ತೆಗೆದುಕೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಚೀನೀ ಯೋಗಗಳಲ್ಲಿ ಅತಿಮಧುರ ಇಲ್ಲದ್ದು ಹುಡುಕಬೇಕು, ಅಷ್ಟು ಬಳಕೆ.

"ಗಿಡಮೂಲಿಕೆ ತಾನೇ" ಅನ್ನುವ ಮಾತಿಗೆ ಬೆಲ್ಜಿಯಂ ನೆನಪಾಗುತ್ತದೆ. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಫಾಂಗ್ ಜೀ ಎಂಬ ಬೇರು ಇರಬೇಕಿತ್ತು. ಹೆಸರು ಹತ್ತಿರವಿದ್ದ ಗ್ವಾಂಗ್ ಫಾಂಗ್ ಜೀ ಬಂದು ಸೇರಿತು. ಅದು ಅರಿಸ್ಟೊಲೋಕಿಯಾ ಜಾತಿಯದ್ದು. ನೂರಕ್ಕೂ ಹೆಚ್ಚು ಜನರ, ಬಹುಪಾಲು ಹೆಂಗಸರ, ಕಿಡ್ನಿ ಹಾಳಾಯಿತು. ಎಷ್ಟೋ ಜನಕ್ಕೆ ಡಯಾಲಿಸಿಸ್, ಕಸಿ ಬೇಕಾಯಿತು, ಆಮೇಲೆ ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಕಂಡಿತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು, ಮನೆಮದ್ದು ಅಂತ ಸುಮ್ನೆ ಅರೆದು ಕುಡಿಯಬೇಡಿ.

ಚೀನೀಯರೇ ಇಂಥದ್ದಕ್ಕೆ ಹೆದರುತ್ತಾರೆ. ಜೊತೆಗೆ ಕೊಡಬಾರದ ಮೂಲಿಕೆಗಳಿಗೆ "ಹದಿನೆಂಟು ವಿರೋಧ" ಅಂತ ಹಳೇ ಪಟ್ಟಿಯೇ ಇದೆ. ವತ್ಸನಾಭ ಎಂಬ ವಿಷಗಿಡದ ಜಾತಿಯ ಫೂಝಿ ಬೇರನ್ನು ಶುದ್ಧಿ ಮಾಡಿ, ಆಮೇಲೆ ಬಹಳ ಹೊತ್ತು ಕುದಿಸಿಯೇ ಕೊಡುತ್ತಾರೆ. ಹಸಿಯಾಗಿ ಹೋದರೆ ಪ್ರಾಣಕ್ಕೇ ಸಂಚಕಾರ.

ಪ್ರಶ್ನೆ (ಬೆಂಗಳೂರಿನ ಸದಸ್ಯರು): ಇದೆಲ್ಲ ವಿಜ್ಞಾನವಾ? ಇದಕ್ಕೆ ನೊಬೆಲ್ ಸಿಕ್ಕಿದೆಯಂತಲ್ಲ.

ಉತ್ತರ: ನೊಬೆಲ್ ಬಂದದ್ದು 2015ರಲ್ಲಿ, ಟೂ ಯೂಯೂ ಅವರಿಗೆ, ಮಲೇರಿಯಾ ಔಷಧ ಆರ್ಟೆಮಿಸಿನಿನ್ ಕಂಡುಹಿಡಿದದ್ದಕ್ಕೆ. ಮೂಲ ಚಿಂಗ್‌ಹಾವ್ ಗಿಡ, ನಮ್ಮ ಮಾಚಿಪತ್ರೆಯ ಬಂಧು. ಕುದಿಸಿದರೆ ಕೆಲಸ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹೋಂಗ್ ಎಂಬ ಚೀನೀ ವೈದ್ಯ ಬರೆದ ತುರ್ತು ಚಿಕಿತ್ಸೆಯ ಕೈಪಿಡಿಯಲ್ಲಿ ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು. ಕಾಯಿಸಬಾರದು ಅಂತ ಟೂ ಅವರಿಗೆ ಹೊಳೆದದ್ದು ಅಲ್ಲಿಂದ. ಈಥರ್ ಬಳಸಿ ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಹಾಗಂತ ಯಿನ್-ಯಾಂಗ್‌ಗೆ ನೊಬೆಲ್ ಬಂತು ಅನ್ನುವುದು ತಪ್ಪು. ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಪರೀಕ್ಷೆ ಮಾಡಿ ಗೆದ್ದದ್ದು ಅದು. ಮಿಕ್ಕ ಯೋಗಗಳನ್ನೂ ಒಂದೊಂದಾಗಿ ಹಾಗೇ ಪರೀಕ್ಷಿಸಬೇಕು ಅನ್ನುವುದು ನನ್ನ ನಿಲುವು.

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಆನ್‌ಲೈನಿನಲ್ಲಿ ಸಿಗುವ "ಚೀನೀ ಇಮ್ಯುನಿಟಿ ಪುಡಿ" ತರಿಸಬಹುದಾ ಅಕ್ಕ?

ಉತ್ತರ: ಡಬ್ಬಿಯ ಮೇಲೆ ಪ್ರತಿ ಮೂಲಿಕೆಯ ಸಸ್ಯಶಾಸ್ತ್ರದ ಹೆಸರು, ಯಾವ ಭಾಗ, ಎಷ್ಟು ಗ್ರಾಂ ಅಂತ ಇದೆಯಾ ನೋಡಮ್ಮ. ಇಲ್ಲದಿದ್ದರೆ ಬೇಡ. ಇದ್ದರೂ, ನಾಡಿ-ನಾಲಿಗೆ ನೋಡದೆ ಎಲ್ಲರಿಗೂ ಒಂದೇ ಪುಡಿ ಕೊಡುವುದು ಆ ವೈದ್ಯದ ಪದ್ಧತಿಯೇ ಅಲ್ಲ. ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರು ಇಲ್ಲಿ ಹಾಕು, ನೋಡಿ ಹೇಳುತ್ತೇನೆ.